ನೈನಿತಾಲಿನಲ್ಲಿ ನಾಲ್ಕು ದಿನ

ದೆಹಲಿಯಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರ ಮನೆಗಳಲ್ಲಿ ರಜೆ ಎಂಬ ಶಬ್ದಕ್ಕೆ ಬಹಳ ಕಾಲದಿಂದ ಒಂದೇ ಅರ್ಥ, ಊರು. ಮಕ್ಕಳ ಪರೀಕ್ಷೆ ಮುಗಿಯುವ ಮೊದಲೇ ಕರ್ನಾಟಕ ಎಕ್ಸ್‌ಪ್ರೆಸ್ಸಿನ ಟಿಕೆಟ್ಟಿನ ಚಿಂತೆ. ಟಿಕೆಟ್ಟು ಸಿಕ್ಕ ಮೇಲೆ ಯಾರಿಗೆ ಏನು ಒಯ್ಯಬೇಕೆಂಬ ಚಿಂತೆ. ಎರಡು ರಾತ್ರಿ ರೈಲಿನಲ್ಲಿ ಕಳೆದು ಇಳಿದ ಮೇಲೆ ಯಾರ ಮನೆಗೆ ಮೊದಲು ಹೋಗಬೇಕು, ಯಾರ ಮನೆಗೆ ಹೋಗದಿದ್ದರೆ ಮುನಿಸು ಎಂಬ ಚಿಂತೆ. ಒಂದು ಮದುವೆ, ಒಂದು ಗೃಹಪ್ರವೇಶ, ಒಂದು ಹರಕೆ, ಜಮೀನಿನ ಪಹಣಿಗಾಗಿ ತಾಲೂಕು ಕಚೇರಿಗೆ ಎರಡು ಸಲ ಅಲೆದಾಟ. ಇಷ್ಟಾಗುವಷ್ಟರಲ್ಲಿ ಇಪ್ಪತ್ತು ದಿನ ಕಳೆದು, ವಾಪಸು ಬಂದ ಮರುದಿನ ಕಚೇರಿಯ ಕುರ್ಚಿಯಲ್ಲಿ ಕುಳಿತಾಗಲೇ ನಮಗೆ "ಅಬ್ಬಾ" ಎಂದು ವಿಶ್ರಾಂತಿ ಸಿಗುತ್ತಿದ್ದದ್ದು! ಈ ಮಾತಿಗೆ ಓದುಗರಲ್ಲಿ ಅನೇಕರು ತಲೆದೂಗುತ್ತಾರೆಂದು ನಂಬಿದ್ದೇವೆ.

ನಮ್ಮದು ಕೇಂದ್ರ ಸರ್ಕಾರದ ಗುಮಾಸ್ತಿಕೆ. ಬಿ.ಎಸ್ಸಿ. ಪಾಸು ಮಾಡಿ, ಪರೀಕ್ಷೆ ಬರೆದು, ಉತ್ತರಕ್ಕೆ ಬಂದವರು. ನಮ್ಮಂಥವರಿಗೆ ಸರ್ಕಾರ ಕೊಟ್ಟಿರುವ ದೊಡ್ಡ ವರವೆಂದರೆ ಎಲ್.ಟಿ.ಸಿ. ನಾಲ್ಕು ವರ್ಷದ ಒಂದು ಬ್ಲಾಕಿನಲ್ಲಿ ಎರಡು ಸಲ ಸ್ವಂತ ಊರಿಗೆ ಹೋಗಿಬರುವ ಖರ್ಚು ಸಿಗುತ್ತದೆ. ಬೇಕಾದರೆ ಅದರಲ್ಲಿ ಒಂದು ಸಲ ಊರಿನ ಬದಲು ಭಾರತದಲ್ಲಿ ಎಲ್ಲಿಗಾದರೂ ಹೋಗಬಹುದು. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾವು ಈ "ಎಲ್ಲಿಗಾದರೂ" ಎಂಬ ಅನುಕೂಲವನ್ನು ಒಂದು ಸಲವೂ ಮುಟ್ಟಿರಲಿಲ್ಲ. ಅರ್ಜಿಯಲ್ಲಿ ಸ್ವಂತ ಊರು ಎಂಬ ಕಾಲಮ್ಮಿನ ಎದುರು ತುಮಕೂರು ಜಿಲ್ಲೆಯ ಒಂದು ಸಣ್ಣ ಊರಿನ ಹೆಸರನ್ನು ಬರೆದು, ಬರೆದು, ಕೈಗೇ ಅಭ್ಯಾಸವಾಗಿತ್ತು.

2023ರಲ್ಲಿ ಆ ಊರಿನ ಮನೆ ಮಾರಾಟವಾಯಿತು. ಅದರಲ್ಲಿ ಯಾರ ತಪ್ಪೂ ಇಲ್ಲ. ತಂದೆಯವರು ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆ ದೆಹಲಿಗೆ ಬಂದರು. ಅಣ್ಣಂದಿರಲ್ಲಿ ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಹುಬ್ಬಳ್ಳಿಯಲ್ಲಿ. ಬೀಗ ಹಾಕಿದ ಮನೆ ಎಷ್ಟು ದಿನ ನಿಂತೀತು? ಮಳೆಗೆ ಹಿತ್ತಿಲ ಗೋಡೆ ಬಿತ್ತು, ಹೆಂಚು ಜಾರಿತು, ಮೂವರೂ ಒಪ್ಪಿ ಸಹಿ ಮಾಡಿದೆವು. ಅಮ್ಮನೂ ಹೆಬ್ಬೆಟ್ಟು ಒತ್ತಿದರು. ಆ ದಿನದಿಂದ ಅವರು ಊರಿನ ಮಾತು ಎತ್ತಿದ್ದಿಲ್ಲ. ಮೊದಲೆಲ್ಲ ಸಂಜೆ ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕುಳಿತು ಮೊಮ್ಮಕ್ಕಳಿಗೆ ಏನಾದರೊಂದು ಕಥೆ ಹೇಳುತ್ತಿದ್ದವರು ಈಗ ಸುಮ್ಮನೆ ಅವರೆಕಾಯಿ ಬಿಡಿಸುತ್ತ ಕೂರುತ್ತಿದ್ದರು. ಕೇಳಿದರೆ, "ಏನೈತಪ್ಪ ಹೇಳಕ್ಕೆ?" ಎನ್ನುವರು.

2024ರಲ್ಲಿ ರಜೆಯ ಮಾತು ಬಂದಾಗ ಮನೆಯಲ್ಲಿ ಮೊದಲ ಸಲ ಒಂದು ವಿಚಿತ್ರ ಪ್ರಶ್ನೆ ಎದುರಾಯಿತು: ಹೋಗುವುದಾದರೂ ಎಲ್ಲಿಗೆ? ಮಗಳು ಹನ್ನೆರಡನೆಯ ತರಗತಿ. ಮುಂದಿನ ವರ್ಷ ಯಾವ ಊರಿನ ಕಾಲೇಜೋ, ಯಾವ ಹಾಸ್ಟೆಲ್ಲೋ. ಮಗ ಎಂಟನೆಯದು. ಐದು ಜನ ಒಟ್ಟಿಗೆ ಹೊರಡುವ ರಜೆ ಇನ್ನೆಷ್ಟಿದ್ದಾವು ಎಂದು ಶ್ರೀಮತಿಯವರು ಕೇಳಿದರು. ಅವರ ಇನ್ನೊಂದು ಷರತ್ತೂ ಇತ್ತು: "ಎಲ್ಲಿಗಾದರೂ ಸರಿ, ನಾಲ್ಕು ದಿನ ನಾನು ಅಡುಗೆ ಮಾಡಬಾರದು, ಯಾರ ಮನೆಯಲ್ಲೂ ಉಳಿದುಕೊಳ್ಳಬಾರದು." ಹೀಗೆ ದಸರೆಯ ರಜೆಗೆ ಕೂಡಿಸಿಕೊಂಡು ನಾಲ್ಕು ದಿನ ನೈನಿತಾಲಿಗೆ ಹೋಗುವುದೆಂದು ತೀರ್ಮಾನವಾಯಿತು.

ಸುದ್ದಿ ತಿಳಿದ ಕೂಡಲೇ ನೆರೆಹೊರೆಯವರು ಪಟ್ಟಿ ಕೊಟ್ಟರು. ಆ ಪಾಯಿಂಟು, ಈ ಪಾಯಿಂಟು, ಒಂದು ದಿನ ರಾಣೀಖೇತ್, ಒಂದು ದಿನ ಅಲ್ಮೋಡಾ, ಒಂದೇ ದಿನದಲ್ಲಿ ಭೀಮ್‌ತಾಲ್, ಸಾತ್‌ತಾಲ್, ನೌಕುಚಿಯಾತಾಲ್. ಪಟ್ಟಿಯನ್ನು ಓದಿದ ಶ್ರೀಮತಿಯವರು, "ಇದು ರಜೆಯೋ, ಇನ್‌ಸ್ಪೆಕ್ಷನ್ನೋ?" ಎಂದು ಅದನ್ನು ಮಡಿಸಿ ಡಬ್ಬಿಯ ಅಡಿಗೆ ಹಾಕಿದರು. ಒಂದು ಕೆರೆಯ ದಂಡೆ, ಒಂದು ಕೋಣೆ, ನಾಲ್ಕು ದಿನ. ಅಷ್ಟೇ ಎಂದು ಗೊತ್ತುಮಾಡಿಕೊಂಡು ಹೊರಟೆವು.

ಹಳೆ ದಿಲ್ಲಿ ನಿಲ್ದಾಣದಿಂದ ರಾತ್ರಿ ರಾಣೀಖೇತ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿನ ಜಾವ ಕಾಠ್‌ಗೋದಾಮ್. ರೈಲು ಅಲ್ಲಿಗೆ ಮುಗಿಯುತ್ತದೆ, ಬೆಟ್ಟ ಅಲ್ಲಿಂದ ಶುರುವಾಗುತ್ತದೆ. ನೈನಿತಾಲಿಗೆ ಸುಮಾರು ಮೂವತ್ತೈದು ಕಿಲೋಮೀಟರು. ಸರ್ಕಾರಿ ಬಸ್ಸಿನ ಟಿಕೆಟ್ಟಾದರೆ ಕಚೇರಿಯಿಂದ ದುಡ್ಡು ಬರುತ್ತದೆ, ಟ್ಯಾಕ್ಸಿಯದು ಬರುವುದಿಲ್ಲ. ಆದರೆ ಅಮ್ಮನ ಮಂಡಿ ಈ ನಿಯಮವನ್ನು ಓದಿಲ್ಲವಾದ್ದರಿಂದ ಟ್ಯಾಕ್ಸಿಯನ್ನೇ ಮಾಡಿಕೊಂಡೆವು. ತಿರುವಿನ ಮೇಲೆ ತಿರುವು. ಮಗನಿಗೆ ಹೊಟ್ಟೆ ತೊಳಸಿತು. ಶ್ರೀಮತಿಯವರು ಚೀಲದಿಂದ ನಿಂಬೆಹಣ್ಣು ತೆಗೆದು ಮೂಸಲು ಕೊಟ್ಟರು. ಅಮ್ಮ ಕಿಟಕಿಗೆ ಕಣ್ಣು ಹಚ್ಚಿ ಕುಳಿತಿದ್ದರು, ಮಾತಿಲ್ಲ.

ನೈನಿತಾಲಿನಲ್ಲಿ ಕೆರೆ ಮೊದಲು, ಊರು ಆಮೇಲೆ. ಸಮುದ್ರಮಟ್ಟದಿಂದ ಸುಮಾರು 1,938 ಮೀಟರು ಎತ್ತರದಲ್ಲಿ, ಸುತ್ತ ಬೆಟ್ಟಗಳ ನಡುವೆ, ಸುಮಾರು 1.4 ಕಿಲೋಮೀಟರು ಉದ್ದ, ಅರ್ಧ ಕಿಲೋಮೀಟರಿಗೂ ಕಡಿಮೆ ಅಗಲದ ನೀರು. ಅತಿ ಆಳವಾದ ಕಡೆ 27 ಮೀಟರು. ಕೆರೆಯ ಒಂದು ತುದಿ ತಲ್ಲೀತಾಲ್, ಇನ್ನೊಂದು ತುದಿ ಮಲ್ಲೀತಾಲ್. ಕುಮಾವೂಂ ಭಾಷೆಯಲ್ಲಿ ತಲ್ಲಾ ಎಂದರೆ ಕೆಳಗಿನದು, ಮಲ್ಲಾ ಎಂದರೆ ಮೇಲಿನದು ಎಂದು ಟ್ಯಾಕ್ಸಿಯವನು ತಿಳಿಸಿದ. ನಾವು ಅದನ್ನು ಕನ್ನಡದಲ್ಲಿ ಹೇಳಿದಾಗ, "ತಳ ಅಂದ್ರೆ ಕೆಳಗೇ ಅಲ್ವಾ?" ಎಂದರು ಅಮ್ಮ. ಆ ದಿನ ಅವರು ಆಡಿದ ಮೊದಲ ಮಾತು ಅದು.

ತಲ್ಲೀತಾಲಿನ ಕಡೆ ಒಂದು ಸಾಧಾರಣ ವಸತಿಗೃಹದಲ್ಲಿ ಕೋಣೆ ಸಿಕ್ಕಿತು. ಸ್ನಾನ, ತಿಂಡಿ ಮುಗಿಸಿ ಎಲ್ಲರೂ ಕೆರೆಯ ಅಂಚಿನ ಕಲ್ಲುಬೆಂಚಿಗೆ ಬಂದು ಕುಳಿತೆವು. ಮಳೆಗಾಲ ಮುಗಿದ ಹೊಸತು, ಕೆರೆ ತುಂಬಿತ್ತು. ಬೆಟ್ಟದ ಹಸಿರೆಲ್ಲ ನೀರಿಗಿಳಿದಿತ್ತು. ಅಮ್ಮ ಬಹಳ ಹೊತ್ತು ನೋಡಿದರು. ಆ ದಡ ನೋಡಿದರು, ಈ ದಡ ನೋಡಿದರು. ಆಮೇಲೆ ಕೇಳಿದರು:

"ಇದ್ಕೆ ತೂಬು ಎಲ್ಲೈತಪ್ಪ?"

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಮಗ ಕೇಳಿದ: "ತೂಬು ಮತ್ಲಬ್ ಏನಜ್ಜಿ?"

"ಮತ್ಲಬ್ಬೇನು ಬಂತು? ತೂಬು ಅಂದ್ರೆ ತೂಬು. ಕೆರೆ ನೀರು ಗದ್ದೆಗೆ ಬಿಡಾಕೆ ಏರಿ ಕೆಳಗೆ ಕಿಂಡಿ ಇಲ್ವಾ?"

"ಏರಿ ಅಂದ್ರೆ?"

ಅಮ್ಮ ಕುಳಿತಲ್ಲಿಂದ ಎದ್ದರು. ಬೆಂಚಿನ ಪಕ್ಕದ ಮಣ್ಣಿನ ಮೇಲೆ ಕಡ್ಡಿಯಿಂದ ಒಂದು ಅರ್ಧಚಂದ್ರ ಬರೆದರು. ಇದು ಏರಿ. ಇಲ್ಲಿ ಅದರ ಕಾಲಡಿಗೆ ತೂಬು. ಈ ತುದಿಗೆ ಕೋಡಿ, ಹೆಚ್ಚಾದ ನೀರು ಹೋಗುವುದು. ಒಳಗೆ ನೀರು ನಿಲ್ಲುವ ಜಾಗ ಅಂಗಳ. ಹೊರಗೆ ನೀರುಂಡು ಬೆಳೆಯುವ ಭೂಮಿ ಅಚ್ಚುಕಟ್ಟು. ತೂಬಿನ ಲೆಕ್ಕ ನೋಡುವವನು ನೀರಗಂಟಿ. ಮಗಳು ಅದನ್ನು ನೋಡಿಕೊಂಡು ತನ್ನ ಮೊಬೈಲಿನಲ್ಲಿ ಚಿತ್ರ ತೆಗೆದಳು. ಮಗ ಒಂದೊಂದೇ ಪದವನ್ನು ಬಾಯಿಪಾಠ ಮಾಡತೊಡಗಿದ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳ ಕನ್ನಡದಲ್ಲಿ ಊಟ ತಿಂಡಿಯ ಮಾತು ಇದೆ, ಬೈಗುಳ ಕೂಡ ಒಂದೆರಡಿವೆ; ಕೆರೆ ಮಾತ್ರ ಇರಲಿಲ್ಲ. ದೆಹಲಿಯ ಯಾವ ಮನೆಯಲ್ಲಿ ಯಾವ ಕಾರಣಕ್ಕೆ ತೂಬಿನ ಮಾತು ಬರಬೇಕು?

ಅಜ್ಜಿಯ ಪ್ರಶ್ನೆಗೆ ಉತ್ತರ ಹುಡುಕುವುದೇ ಮೊದಲ ದಿನದ ನಮ್ಮ ಪ್ರವಾಸ ಕಾರ್ಯಕ್ರಮವಾಯಿತು. ಉತ್ತರ ಹತ್ತಿರದಲ್ಲೇ ಇತ್ತು. ತಲ್ಲೀತಾಲಿನಲ್ಲಿ ಡಾಂಠ್ ಎಂದು ಕರೆಯುವ ಜಾಗವಿದೆ. ಮೇಲೆ ರಸ್ತೆ, ಜನ, ಬಸ್ಸು. ಕೆಳಗೆ ಬ್ರಿಟಿಷರ ಕಾಲದಿಂದ ಬಂದ ನೀರುಬಾಗಿಲುಗಳು. ಕೆರೆಯಲ್ಲಿ ನೀರು ಹೆಚ್ಚಾದಾಗ ಬಾಗಿಲೆತ್ತಿ ಬಿಡುತ್ತಾರೆ. ಆ ನೀರು ಬಲಿಯಾ ನಾಲಾ ಎಂಬ ಹಳ್ಳವಾಗಿ ಇಳಿದು ಗೌಲಾ ನದಿಯನ್ನು ಸೇರುತ್ತದೆ. ಕಾಠ್‌ಗೋದಾಮಿನ ಪಕ್ಕದಲ್ಲೇ ಹರಿಯುವ ನದಿ ಅದು. ಅಮ್ಮ ಕಂಬಿ ಹಿಡಿದು ಬಗ್ಗಿ ನೋಡಿ ತೀರ್ಪು ಕೊಟ್ಟರು: "ಇದು ತೂಬಲ್ಲ, ಕೋಡಿ. ಕೋಡಿ ಕೆಳಗಿನ ಗುಡ್ಡ ಗಟ್ಟಿಯಾಗಿರ್ಬೇಕು ನೋಡು." ಬಲಿಯಾ ನಾಲೆಯ ದಂಡೆಯ ಗುಡ್ಡ ವರ್ಷ ವರ್ಷ ಜರಿಯುತ್ತಿರುವುದು ಅಲ್ಲಿನವರಿಗೆ ದೊಡ್ಡ ತಲೆನೋವು ಎಂಬುದು ನಮಗೆ ಪತ್ರಿಕೆ ಓದಿ ಗೊತ್ತಿತ್ತು, ಅವರಿಗೆ ನೋಡಿಯೇ ಗೊತ್ತಾಯಿತು.

ಎರಡನೆಯ ದಿನ ಮಲ್ಲೀತಾಲಿನ ನೈನಾದೇವಿ ಗುಡಿಗೆ ಹೋದೆವು. ಸತೀದೇವಿಯ ಕಣ್ಣು ಬಿದ್ದ ಸ್ಥಳವೆಂದು ನಂಬಿಕೆ. ನೈನಾ ಎಂದರೆ ಕಣ್ಣು. ನವರಾತ್ರಿಯಾದ್ದರಿಂದ ಜನಸಂದಣಿ. ಇನ್ನೊಂದು ಪುರಾಣದ ಪ್ರಕಾರ ಅತ್ರಿ, ಪುಲಸ್ತ್ಯ, ಪುಲಹ ಎಂಬ ಮೂವರು ಋಷಿಗಳು ಬಾಯಾರಿ ಬಂದು ಇಲ್ಲಿ ಹಳ್ಳ ತೋಡಿ, ಮಾನಸ ಸರೋವರದ ನೀರನ್ನು ತುಂಬಿಸಿದರಂತೆ. ಹೀಗಾಗಿ ಇದಕ್ಕೆ ತ್ರಿಋಷಿ ಸರೋವರವೆಂದೂ ಹೆಸರು. ಅಮ್ಮನಿಗೆ ಈ ಕಥೆಯೇ ಹೆಚ್ಚು ಹಿಡಿಸಿತು. "ಹಂಗಾದ್ರೆ ಇದೂ ತೋಡಿಸಿದ ಕೆರೆನೇ ಅನ್ನು" ಎಂದರು.

ಗುಡಿಯ ಪಕ್ಕದಲ್ಲೇ ಫ್ಲಾಟ್ಸ್ ಎಂಬ ದೊಡ್ಡ ಬಯಲು. ಮಕ್ಕಳು ಚೆಂಡಾಡುತ್ತಿದ್ದರು. ಇಂಥ ಇಕ್ಕಟ್ಟಿನ ಬೆಟ್ಟದೂರಿನಲ್ಲಿ ಇಷ್ಟು ಸಮನಾದ ನೆಲ ಎಲ್ಲಿಂದ ಬಂತು ಎಂದು ಮಗಳು ಕೇಳಿದಳು. ಉತ್ತರ ಸುಖದ್ದಲ್ಲ. ಷಾಜಹಾನ್‌ಪುರದ ಸಕ್ಕರೆ ವ್ಯಾಪಾರಿ ಬ್ಯಾರನ್ ಎಂಬಾತ 1841ರಲ್ಲಿ ಈ ಕೆರೆಯನ್ನು ಕಂಡು ಬರೆದ ಮೇಲೆ ಯುರೋಪಿಯನ್ನರು ಬೆಟ್ಟ ಕಡಿದು ಬಂಗಲೆ ಕಟ್ಟುತ್ತ ಹೋದರು. ನಾಲ್ಕು ದಶಕ ತುಂಬುವ ಮೊದಲೇ, 1880ರ ಸೆಪ್ಟೆಂಬರ್ 18ರಂದು, ಬಿಡದೆ ಸುರಿದ ಮಳೆಗೆ ಉತ್ತರದ ಬೆಟ್ಟದ ಒಂದು ಪಾಲು ಕುಸಿದು 151 ಜನ ಮಣ್ಣುಪಾಲಾದರು. ಹಳೆಯ ಗುಡಿಯೂ ಹೋಯಿತು. ಬಂದು ಬಿದ್ದ ಆ ಮಣ್ಣು ಬಯಲನ್ನು ದೊಡ್ಡದು ಮಾಡಿತು. ಅನಂತರ ಮಳೆನೀರು ಬೆಟ್ಟದೊಳಗೆ ಇಳಿದು ಸಡಿಲಗೊಳಿಸದಂತೆ ಊರ ತುಂಬ ಕಲ್ಲಿನ ಮೋರಿಗಳ ಜಾಲವನ್ನೇ ಕಟ್ಟಿದರು. ಇಂದಿಗೂ ಊರು ನಿಂತಿರುವುದು ಆ ಮೋರಿಗಳ ಆಸರೆಯಲ್ಲಿ. ಅವುಗಳಲ್ಲಿ ಕಸ ತುಂಬಿದರೆ ಕಸ ಕೆರೆಗೆ, ನೀರು ಬೆಟ್ಟಕ್ಕೆ. 2018ರ ಆಗಸ್ಟ್‌ನಲ್ಲಿ ಕೆಳಗಿನ ಮಾಲ್ ರಸ್ತೆಯ ಒಂದು ಭಾಗವೇ ಕೆರೆಯೊಳಗೆ ಕುಸಿದಿತ್ತು. ಚೆಂಡಾಟ ನೋಡುತ್ತ ಇದನ್ನೆಲ್ಲ ಹೇಳಿದೆವು. ಮಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮಧ್ಯಾಹ್ನ ದೋಣಿ. ಫಲಕದಲ್ಲಿ ಬರೆದ ದರ ಕೊಟ್ಟು, ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಐದು ಜನ ಎರಡು ದೋಣಿಯಲ್ಲಿ ಕುಳಿತೆವು. ನಮ್ಮ ದೋಣಿಯ ಅಂಬಿಗ ಐವತ್ತು ದಾಟಿದ ಪಹಾಡಿ. ಅಮ್ಮ ಕೆರೆಗೆ ಹಾಕಲೆಂದು ಕಾಗದದಲ್ಲಿ ಅರಿಶಿನ ಕುಂಕುಮ, ಎರಡು ಸೇವಂತಿಗೆ ತಂದಿದ್ದರು. ಆತ ಕೈಮುಗಿದು, ಬೇಡ ಮಾತಾಜಿ, ನಾವೆಲ್ಲ ಕುಡಿಯುವುದು ಇದೇ ನೀರು ಎಂದ. ಹಿಂದಿ ಸರಿಯಾಗಿ ಬಾರದಿದ್ದರೂ ಅಮ್ಮನಿಗೆ ಈ ಮಾತು ತಟ್ಟನೆ ಅರ್ಥವಾಯಿತು. ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು, ಬೊಗಸೆಯಲ್ಲಿ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡರು. "ಸರಿಯಾದ ನೀರಗಂಟಿ ಇವನು" ಎಂದು ನಮ್ಮ ಕಡೆ ತಿರುಗಿ ಹೇಳಿದರು.

ಆಮೇಲೆ ನಡೆದದ್ದು ಒಂದು ಮೋಜಿನ ಸಂಭಾಷಣೆ. ಅಮ್ಮ ಕನ್ನಡದಲ್ಲಿ, ಆತ ಹಿಂದಿಯಲ್ಲಿ, ಮಗ ನಡುವೆ ದುಭಾಷಿ. ಊರಲ್ಲಿ ಏನು ಬೆಳೆಯುತ್ತೀರಿ? ಮಡುವಾ. ಹಾಗೆಂದರೇನು? ಆತ ಬೆರಳನ್ನು ಮಡಿಸಿ ತೆನೆಯ ಆಕಾರ ತೋರಿಸಿದ. ಅಮ್ಮ, "ಅಯ್ಯೋ, ರಾಗಿ!" ಎಂದು ಕೂಗಿದ ರಭಸಕ್ಕೆ ದೋಣಿ ಅಲ್ಲಾಡಿತು. ಇನ್ನೇನು ಬೆಳೆಯುತ್ತೀರಿ? ಗಹತ್. ಅದರ ಕಾಳು ಹೇಗಿರುತ್ತದೆ, ಯಾವ ಬಣ್ಣ, ಬೇಯಿಸಿದರೆ ಕಟ್ಟು ಹೇಗೆ ಬರುತ್ತದೆ ಎಂದೆಲ್ಲ ವಿಚಾರಣೆಯಾಗಿ, ಅದು ಹುರಳಿ ಎಂದು ತೀರ್ಮಾನವಾಯಿತು. ಸಂಜೆ ಆತನೇ ಹೇಳಿದ ಒಂದು ಸಣ್ಣ ಊಟದ ಮನೆಗೆ ಹೋಗಿ ಮಡುವಾ ರೊಟ್ಟಿ, ಗಹತ್ ದಾಲ್ ತಿಂದೆವು. ರಾಗಿ ರೊಟ್ಟಿ, ಹುರಳಿ ಸಾರು! ದಕ್ಷಿಣದ ಬಯಲಿನಲ್ಲಿ ಬಿತ್ತುವ ಎರಡು ಕಾಳನ್ನು ಹಿಮಾಲಯದ ಮೆಟ್ಟಿಲುಗದ್ದೆಯಲ್ಲೂ ಬಿತ್ತುತ್ತಾರೆ. ತೆಳುಮಣ್ಣಿಗೂ ಕಡಿಮೆ ನೀರಿಗೂ ಒಗ್ಗುವ ಬೆಳೆಗಳವು. ಶ್ರೀಮತಿಯವರು, "ಅಡುಗೆ ಮಾಡಬಾರದು ಅಂತ ಇಷ್ಟು ದೂರ ಬಂದರೆ ನಮ್ಮನೆ ಊಟವೇ ಸಿಕ್ಕಿತಲ್ಲ" ಎಂದು ನಕ್ಕರು. ಅಮ್ಮ ಎರಡನೆಯ ರೊಟ್ಟಿಯನ್ನು ಕೇಳಿ ಹಾಕಿಸಿಕೊಂಡರು. ಒಂದೂವರೆ ವರ್ಷದಲ್ಲಿ ಅದನ್ನು ನಾವು ಕಂಡಿರಲಿಲ್ಲ.

ವಿಶ್ರಾಂತಿಯ ವಿಷಯ ಹೇಳಲೇಬೇಕು, ಏಕೆಂದರೆ ಹೋದದ್ದು ಅದಕ್ಕೇ. ಶ್ರೀಮತಿಯವರು ಬೆಳಿಗ್ಗೆ ಎಂಟರವರೆಗೆ ಮಲಗಿದರು. ಮದುವೆಯಾದಂದಿನಿಂದ ಅವರು ಬೆಳಕಾದ ಮೇಲೆ ಎದ್ದದ್ದನ್ನು ನಮ್ಮ ಮನೆಯವರು ಯಾರೂ ನೋಡಿರಲಿಲ್ಲ. ಮೊದಲ ದಿನ ಮಗ ಹೆದರಿ ಹಣೆ ಮುಟ್ಟಿ ನೋಡಿದ. ಎದ್ದ ಮೇಲೆ ಬಿಸಿಲಿಗೆ ಕುರ್ಚಿ ಹಾಕಿಕೊಂಡು, ಯಾರೋ ಮಾಡಿ ತಂದುಕೊಟ್ಟ ಚಹಾ ಕುಡಿಯುತ್ತ, ನೀರು ನೋಡುತ್ತ ಕುಳಿತಿರುವರು. ಮಧ್ಯಾಹ್ನದ ಮೇಲೆ ಎದುರು ದಡದ ಠಂಡೀ ಸಡಕ್‌ನಲ್ಲಿ ನಡಿಗೆ. ವಾಹನಗಳಿಲ್ಲದ, ಮರದ ನೆರಳಿನ ದಾರಿ ಅದು. ಅಮ್ಮ ಹತ್ತು ಹೆಜ್ಜೆ ನಡೆದು, ಕುಳಿತು, ಮತ್ತೆ ಹತ್ತು ಹೆಜ್ಜೆ ನಡೆಯಲು ತಕ್ಕ ದಾರಿ. ಮೂರನೆಯ ದಿನ ಬೆಳಿಗ್ಗೆ ಮಾತ್ರ ತಂತಿದಾರಿಯಲ್ಲಿ ತೊಟ್ಟಿಲು ಹತ್ತಿ ಸ್ನೋ ವ್ಯೂಗೆ ಹೋದೆವು. 2,270 ಮೀಟರು ಎತ್ತರ. ಅಕ್ಟೋಬರಿನ ತಿಳಿ ಆಕಾಶ. ಉತ್ತರಕ್ಕೆ ತ್ರಿಶೂಲ, ಅದರ ಜೊತೆಗೆ 7,816 ಮೀಟರಿನ ನಂದಾದೇವಿ. ಹಿಮದ ಸಾಲನ್ನು ಕಂಡು ಐದು ಜನರೂ ಮೌನವಾಗಿ ನಿಂತೆವು. ಕೈಮುಗಿದದ್ದು ಅಮ್ಮ ಮೊದಲು, ಮೊಬೈಲು ಎತ್ತಿದ್ದು ಮಗ ಮೊದಲು.

ಮಗನಿಗೆ ಇನ್ನೊಂದು ಅನುಮಾನವಿತ್ತು. ಕೆರೆಯಲ್ಲಿ ಅಲ್ಲಲ್ಲಿ ನೀರು ಕುದಿಯುವಂತೆ ಗುಳ್ಳೆಗಳೇಳುತ್ತಿದ್ದವು. ಇಲ್ಲಿ ನಮ್ಮ ಬಿ.ಎಸ್ಸಿ. ಉಪಯೋಗಕ್ಕೆ ಬಂತು, ಕಚೇರಿಯಲ್ಲಿ ಅದರ ಅಗತ್ಯ ಇದುವರೆಗೆ ಬಿದ್ದಿರಲಿಲ್ಲ. ಬೇಸಿಗೆಯಲ್ಲಿ ಕೆರೆಯ ಮೇಲಿನ ನೀರು ಬೆಚ್ಚಗಾಗಿ ಹಗುರಾಗುತ್ತದೆ, ತಣ್ಣನೆಯ ಭಾರದ ನೀರು ಅಡಿಯಲ್ಲಿ ನಿಲ್ಲುತ್ತದೆ. ಎರಡೂ ಬೆರೆಯುವುದಿಲ್ಲ. ಅಡಿಯ ನೀರಿಗೆ ಗಾಳಿ ಸಿಗದೆ, ಮೇಲಿಂದ ಬಿದ್ದ ಕೊಳೆ ಕೊಳೆಯುತ್ತ ಇದ್ದಬದ್ದ ಆಮ್ಲಜನಕವನ್ನೂ ಮುಗಿಸುತ್ತದೆ. ಚಳಿಗಾಲ ಬಂದು ಮೇಲಿನ ನೀರು ತಣ್ಣಗಾಗಿ ಕೆಳಗಿಳಿದಾಗಲೇ ಇಡೀ ಕೆರೆ ಒಮ್ಮೆ ಕಲಕಿ ಉಸಿರಾಡುವುದು. ಊರು ಬೆಳೆದು ಕೊಳೆ ಹೆಚ್ಚಾದ ಮೇಲೆ ವರ್ಷಕ್ಕೊಂದು ಉಸಿರು ಸಾಲದಾಯಿತು. ಆದ್ದರಿಂದ 2007ರಿಂದ ಕೆರೆಯ ತಳಕ್ಕೆ ಕೊಳವೆ ಹಾಕಿ ಗಾಳಿ ಊದುತ್ತಾರೆ. ಆ ಗುಳ್ಳೆಗಳೇ ಇವು. "ಅಂದ್ರೆ ಕೆರೆಗೆ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದಂಗೆ" ಎಂದ ಮಗ. ನಮ್ಮ ವಿವರಣೆಗಿಂತ ಅದು ಚೆನ್ನಾಗಿತ್ತು.

ಅಮ್ಮನಿಗೆ ಗಾಳಿಯ ಚಿಂತೆಯಿಲ್ಲ, ನೀರಿನದೇ ಚಿಂತೆ. "ಇದಕ್ಕೆ ಮೇಲಿನ ಕೆರೆ ಯಾವುದು?" ಎಂದು ಕೇಳಿದರು. ನಮ್ಮ ಕಡೆ ಕೆರೆಗಳು ಸಾಲಿನಲ್ಲಿರುತ್ತವೆ. ಮೇಲಿನದರ ಕೋಡಿ ಕೆಳಗಿನದಕ್ಕೆ. ಯಾವ ಕೆರೆಯೂ ಒಂಟಿಯಲ್ಲ ಎಂಬುದು ಅವರ ಲೆಕ್ಕ. ಆ ಲೆಕ್ಕ ಇಲ್ಲಿಯೂ ತಪ್ಪಲಿಲ್ಲ. ಮಲ್ಲೀತಾಲಿನಿಂದ ಸ್ವಲ್ಪ ಮೇಲೆ ಸೂಖಾತಾಲ್ ಎಂಬ ತಗ್ಗಿದೆ. ಹೆಸರಿನ ಅರ್ಥವೇ ಒಣಕೆರೆ. ಮಳೆಗಾಲದಲ್ಲಿ ತುಂಬಿ ಆಮೇಲೆ ಬತ್ತುತ್ತದೆ. ಬತ್ತುವುದೆಂದರೆ ನಷ್ಟವಲ್ಲ, ಅಲ್ಲಿ ಇಂಗಿದ ನೀರೇ ಬೆಟ್ಟದೊಳಗಿನಿಂದ ನಿಧಾನವಾಗಿ ಹರಿದು ಮಳೆಯಿಲ್ಲದ ತಿಂಗಳಲ್ಲಿ ನೈನಿಯನ್ನು ಸಾಕುತ್ತದೆ ಎಂದು ತಜ್ಞರು ಹೇಳುತ್ತಾರೆ. ವರ್ಷಗಳಿಂದ ಅದರ ಸುತ್ತ ಕಟ್ಟಡ ಬಂದು, ಒಳಗೆ ಮಣ್ಣುಮಸಿ ಬಿದ್ದು, ಇಂಗುವ ನೆಲ ಕಡಿಮೆಯಾಯಿತು. 2017ರ ಬೇಸಿಗೆಯಲ್ಲಿ ನೈನಿ ಕೆರೆಯ ನೀರು ತೀರ ಇಳಿದು, ಅಂಚಿನಲ್ಲಿ ಮಣ್ಣಿನ ದಿಬ್ಬಗಳು ಎದ್ದು ಕಂಡ ಚಿತ್ರಗಳು ದೇಶದ ಪತ್ರಿಕೆಗಳಲ್ಲೆಲ್ಲ ಬಂದಿದ್ದವು. ಇದನ್ನು ಕೇಳಿ ಅಮ್ಮ ಹೇಳಿದ್ದು ಇಷ್ಟೇ: "ಒಣಗಿದ್ದು ಅಂತ ಮೇಲಿನ ಕೆರೆ ಮುಚ್ಚಿದ್ರೆ ಕೆಳಗಿನ ಕೆರೆ ಎಲ್ಲಿ ಉಳೀತದೆ? ನಮ್ಮೂರಲ್ಲೂ ಹಿಂಗೇ ಮಾಡಿದ್ರು."

ನಮ್ಮೂರಲ್ಲೂ! ಒಂದೂವರೆ ವರ್ಷದ ಮೇಲೆ ಆ ಶಬ್ದ ಅವರ ಬಾಯಿಂದ ಬಂದಿತ್ತು. ನಾವು ಏನೂ ಅನ್ನಲಿಲ್ಲ.

ಕೊನೆಯ ಸಂಜೆ ಶಾಲು ಹೊದ್ದು ಅದೇ ಕಲ್ಲುಬೆಂಚಿನ ಮೇಲೆ ಕುಳಿತಿದ್ದೆವು. ಬೆಟ್ಟದ ಮನೆಗಳ ದೀಪಗಳೆಲ್ಲ ನೀರಿನಲ್ಲಿ ಉದ್ದುದ್ದ ಬಿದ್ದಿದ್ದವು. ಯಾರೂ ಕೇಳದೆಯೇ ಅಮ್ಮ ಶುರುಮಾಡಿದರು. ಮದುವೆಯಾಗಿ ಬಂದ ವರ್ಷ ಊರ ಕೆರೆ ಕೋಡಿ ಬಿದ್ದದ್ದು. ನಡುರಾತ್ರಿ ನೀರಗಂಟಿ ತಮಟೆ ಬಡಿದು ಊರೆಲ್ಲ ಎಬ್ಬಿಸಿದ್ದು. ಗಂಡಸರು ಪಂಜು ಹಿಡಿದು ಏರಿ ಕಾಯಲು ಹೋದದ್ದು. ಮೂರನೆಯ ದಿನ ಗಂಗೆಪೂಜೆ, ಬಾಗಿನ. ಹೊಸ ಸೊಸೆಯೆಂದು ಇವರ ಕೈಗೇ ಮೊರ ಕೊಟ್ಟು ನೀರಿಗಿಳಿಸಿದ್ದು. ನೀರಿನ ಸೆಳೆತಕ್ಕೆ ಕಾಲು ತಪ್ಪಿ, ಅತ್ತೆ ಜಡೆ ಹಿಡಿದು ಎಳೆದುಕೊಂಡದ್ದು. ಮಕ್ಕಳು ಬಾಯಿಬಿಟ್ಟು ಕೇಳುತ್ತಿದ್ದರು. ನಮಗೂ ಅದರಲ್ಲಿ ಅರ್ಧ ಹೊಸದು.

ಕಥೆ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಮನೆ ಕೊಟ್ಟಿದ್ಕೆ ನಂಗೇನು ಬೇಜಾರಿಲ್ಲ ಕಣ್ರಪ್ಪ. ಬೀಳೋ ಮನೆ, ಯಾರು ಹಿಡಿದು ನಿಲ್ಲಿಸ್ತೀರಿ? ಹಿತ್ತಲ ಬಾಗ್ಲಲ್ಲಿ ನಿಂತ್ರೆ ಕೆರೆ ಕಾಣ್ತಿತ್ತು. ದಿನಾ ಎದ್ದು ನೋಡ್ತಿದ್ದೆ. ಇನ್ನು ಕಾಣಕಿಲ್ವಲ್ಲ, ಅದೊಂದೇ."

ನಾವು ಗಂಡಹೆಂಡತಿಗೆ ಇದಕ್ಕೆ ಏನು ಹೇಳುವುದೆಂದು ತೋಚಲಿಲ್ಲ. ಮಗಳು ಅಜ್ಜಿಯ ಕೈಹಿಡಿದು, ತನ್ನ ದೆಹಲಿ ಕನ್ನಡದಲ್ಲಿ ಕೇಳಿದಳು:

"ಹಿತ್ತಲ ಬಾಗಿಲು ಹೋಯ್ತು ಅಜ್ಜಿ, ಆದ್ರೆ ಏರಿ ಇದೆಯಲ್ಲ? ಏರಿ ಮೇಲೆ ನಿಂತ್ಕೊಂಡ್ರೆ ಕೆರೆ ಕಾಣಲ್ವಾ?"

ಅಮ್ಮ ಅವಳ ಮುಖವನ್ನೇ ನೋಡಿದರು. ಆಮೇಲೆ ನಕ್ಕರು. "ಕಾಣ್ತದೆ ಕಣವ್ವ. ಇನ್ನೂ ಚೆನ್ನಾಗೇ ಕಾಣ್ತದೆ" ಎಂದರು. ಆ ರಾತ್ರಿ ಕೋಣೆಯಲ್ಲಿ ದೀಪ ಆರಿಸಿದ ಮೇಲೂ ಅಜ್ಜಿ ಮೊಮ್ಮಗಳ ಮಾತು ಬಹಳ ಹೊತ್ತು ಕೇಳಿಸುತ್ತಿತ್ತು.

ನಮ್ಮ ಸಂಘದ ಮಿತ್ರರಲ್ಲಿ ಯಾರಾದರೂ ನೈನಿತಾಲಿಗೆ ಹೋಗುವುದಿದ್ದರೆ ಒಂದೆರಡು ಮಾತು. ಮೇ, ಜೂನ್ ತಿಂಗಳಲ್ಲಿ ದೆಹಲಿಯ ಅರ್ಧ ಜನ ಅಲ್ಲಿರುತ್ತಾರೆ, ರಸ್ತೆಯಲ್ಲೇ ದಿನ ಕಳೆಯುತ್ತದೆ. ಮಳೆ ನಿಂತ ಮೇಲಿನ ಅಕ್ಟೋಬರ್ ಉತ್ತಮ. ಸ್ವೆಟರು, ಶಾಲು ಮರೆಯಬೇಡಿ. ಎಲ್.ಟಿ.ಸಿ.ಯಲ್ಲಿ ಸಿಗುವುದು ಪ್ರಯಾಣದ ಖರ್ಚು ಮಾತ್ರ. ವಸತಿ, ಊಟ ಕೈಯಿಂದಲೇ. ಆದರೆ ರಜೆಯ ಜೊತೆಗೆ ಹತ್ತು ದಿನದ ಗಳಿಕೆ ರಜೆಯನ್ನು ನಗದು ಮಾಡಿಕೊಳ್ಳಬಹುದು, ಅದು ಬಹುಮಟ್ಟಿಗೆ ಸರಿದೂಗಿಸುತ್ತದೆ. ಕೆರೆಗೆ ಹೂವನ್ನೂ ಹಾಕಬೇಡಿ, ಪ್ಲಾಸ್ಟಿಕ್ಕನ್ನಂತೂ ಬೇಡವೇ ಬೇಡ. ಮನೆಯಲ್ಲಿ ಹಿರಿಯರಿದ್ದರೆ ಮಂಡಿನೋವೆಂದು ಬಿಟ್ಟುಹೋಗಬೇಡಿ. ಪಟ್ಟಿಯಲ್ಲಿನ ಪಾಯಿಂಟುಗಳನ್ನು ಬಿಟ್ಟು ಅವರನ್ನು ಕರೆದುಕೊಂಡು ಹೋಗಿ.

2026-29ರ ಬ್ಲಾಕಿನ ಮೊದಲ ಪ್ರಯಾಣ ಎಲ್ಲಿಗೆಂದು ನಮ್ಮಲ್ಲಿ ಚರ್ಚೆಯೇ ಆಗಲಿಲ್ಲ. ಅರ್ಜಿಯ ಕಾಲಮ್ಮಿನಲ್ಲಿ ಸ್ವಂತ ಊರಿನ ಹೆಸರು ಮೊದಲಿದ್ದಂತೆಯೇ ಇರುತ್ತದೆ. ತಾಲೂಕು ಕೇಂದ್ರದ ಒಂದು ವಸತಿಗೃಹದಲ್ಲಿ ನಾಲ್ಕು ದಿನ ಇರುವುದು, ಮದುವೆ ಮುಂಜಿ ಪಹಣಿ ಯಾವುದೂ ಇಲ್ಲದೆ. ತೂಬು ಎಲ್ಲಿ, ಕೋಡಿ ಎಲ್ಲಿ, ಮೇಲಿನ ಕೆರೆ ಯಾವುದು ಎಂದು ಮಗ ಈಗಲೇ ಅಜ್ಜಿಯನ್ನು ಕೂರಿಸಿಕೊಂಡು ನಕ್ಷೆ ಬರೆದಿದ್ದಾನೆ. ಮಗಳು ಯಾವ ಹಾಸ್ಟೆಲ್ಲಿನಲ್ಲಿದ್ದರೂ ಅಷ್ಟು ದಿನಕ್ಕೆ ಬರುತ್ತೇನೆಂದು ಮಾತು ಕೊಟ್ಟಿದ್ದಾಳೆ. ಏರಿಯ ಮೇಲೆ ಕುಳಿತು ಬುತ್ತಿ ಬಿಚ್ಚುವುದಕ್ಕೆ ಸ್ವಂತ ಮನೆಯೇನೂ ಬೇಕಿಲ್ಲವಷ್ಟೆ.